ಕಣ್ಣು ಇನ್ನೂ ಹೋಗಿಲ್ಲವೆಂದು ತಿರಸ್ಕೃತವಾದ ಅರ್ಜಿ

ನೇತ್ರ ಚಿಕಿತ್ಸೆಯ ಅರ್ಜಿಗಳಿಗೆ ಮಂಜೂರಾತಿ ನೀಡುವ ಮತ್ತು ನೀಡದಿರುವ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ನನ್ನ ಗಂಡನ ಎಡಗಣ್ಣು ಬಹಳ ಚೆನ್ನಾಗಿದೆ ಎಂದು ತಾವು ಮೊಹರು ಒತ್ತಿ ತಿಳಿಸಿದ್ದೀರಿ. ನಮ್ಮ ಮದುವೆಯಾಗಿ ನಲವತ್ತೊಂಬತ್ತು ವರ್ಷ. ಇಷ್ಟು ವರ್ಷದಲ್ಲಿ ಅವರ ಕಣ್ಣನ್ನು ಹೊಗಳಿ ಕಾಗದ ಬರೆದವರು ತಾವೊಬ್ಬರೇ. ನಾನಂತೂ ಬರೆದವಳಲ್ಲ. ಕಾಗದ ಹೀಗಿದೆ: "ಅರ್ಜಿದಾರರ ಎಡಗಣ್ಣಿನ ದೃಷ್ಟಿಯು ತೃಪ್ತಿಕರವಾಗಿರುವುದರಿಂದ ಸದರಿ ಕಣ್ಣಿಗೆ ಕೋರಿರುವ ಚುಚ್ಚುಮದ್ದಿಗೆ ಮಂಜೂರಾತಿ ನೀಡಲು ಅವಕಾಶವಿರುವುದಿಲ್ಲ. ದೃಷ್ಟಿಯು ನಿಗದಿತ ಮಟ್ಟಕ್ಕಿಂತ ಕುಸಿದಲ್ಲಿ ಮರು ಅರ್ಜಿ ಸಲ್ಲಿಸಬಹುದು." ಇದನ್ನು ನಾನು ಮೂರು ಸಲ ಓದಿದೆ. ಮೊದಲನೇ ಸಲ ಅರ್ಥವಾಗಲಿಲ್ಲ. ಎರಡನೇ ಸಲ ಅರ್ಥವಾಗಿದ್ದು ಸುಳ್ಳಿರಬೇಕು ಅನ್ನಿಸಿತು. ಮೂರನೇ ಸಲ ನಗು ಬಂತು. ಕಣ್ಣು ಉಳಿಸುವ ಔಷಧ ಬೇಕೆಂದರೆ ಮೊದಲು ಕಣ್ಣು ಕಳೆದುಕೊಂಡು ಬನ್ನಿ ಎನ್ನುತ್ತೀರಿ. ನಮ್ಮ ಮಂಡಕ್ಕಿ ಭಟ್ಟಿಯ ಹೊಟ್ಟಿನ ರಾಶಿಗೆ ಕಿಡಿ ಬಿದ್ದಾಗ ಬೆಂಕಿ ಆರಿಸುವವರು ಬಂದು, "ಸೂರು ಇನ್ನೂ ತೃಪ್ತಿಕರವಾಗಿದೆ, ಕುಸಿದ ಮೇಲೆ ಫೋನ್ ಮಾಡಿ" ಎಂದು ವಾಪಸು ಹೋಗಿದ್ದರೆ ದಾವಣಗೆರೆಯಲ್ಲಿ ಇವತ್ತು ಒಂದು ಭಟ್ಟಿಯಾದರೂ ಉಳಿಯುತ್ತಿತ್ತೇ?

ನಾನು ಯಾರೆಂದು ಹೇಳಿಬಿಡುತ್ತೇನೆ, ಏಕೆಂದರೆ ತಮ್ಮ ಕಡತದಲ್ಲಿ ನಾನು "ಅರ್ಜಿದಾರರ ಜೊತೆಯಲ್ಲಿ ಬಂದವರು" ಅಷ್ಟೇ. ನನ್ನ ಹೆಸರು ಸುಗ್ರಾಬಿ. ಹುಟ್ಟೂರು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಓದಿದ್ದೇನೆ. ಐದನೇ ತರಗತಿಗೆ ಪಕ್ಕದ ಊರಿಗೆ ನಡೆದು ಹೋಗಬೇಕಿತ್ತು, ಕಳಿಸಲಿಲ್ಲ. ಮಿಕ್ಕ ಕನ್ನಡವನ್ನೆಲ್ಲ ಹಳೇ ಪೇಪರಿನಲ್ಲಿ ಕಲಿತೆ. ಮದುವೆಯಾಗಿ ಬಂದಾಗಿನಿಂದ ಮಂಡಕ್ಕಿ ಕಟ್ಟಲು ಪೊಟ್ಟಣ ಸುತ್ತುವುದು ನನ್ನ ಕೆಲಸ. ಸುತ್ತುವ ಮುಂಚೆ ಓದುವುದು ನನ್ನ ಚಟ. ಟೆಂಡರ್ ಪ್ರಕಟಣೆ, ಕೋರ್ಟಿನ ನೋಟಿಸು, ಶ್ರದ್ಧಾಂಜಲಿ, ಕಳೆದುಹೋದವರ ವಿವರ, ಏನನ್ನೂ ಬಿಟ್ಟವಳಲ್ಲ. ಆದ್ದರಿಂದ ತಮ್ಮ "ಸದರಿ", "ಮೇಲ್ಕಂಡ", "ಅವಕಾಶವಿರುವುದಿಲ್ಲ" ನನಗೆ ಹೊಸದಲ್ಲ. ಎಷ್ಟೋ ಸದರಿಗಳನ್ನು ಸುತ್ತಿ ಅದರೊಳಗೆ ಖಾರ ಮಂಡಕ್ಕಿ ತುಂಬಿ ಮಾರಿದ್ದೇನೆ.

ನನ್ನ ಗಂಡ ಹಯಾತ್ ಸಾಬ್. ವಯಸ್ಸು ಎಪ್ಪತ್ತು. ಹದಿನಾರನೇ ವಯಸ್ಸಿನಿಂದ ಭಟ್ಟಿಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ಹುರಿದವರು. ಈಗ ಹುರಿಯುವುದಿಲ್ಲ, ಹುರಿಯುವವರ ಹಿಂದೆ ನಿಂತು ನೋಡುತ್ತಾರೆ. ಅಕ್ಕಿ ಯಾವ ಗಳಿಗೆಗೆ ಅರಳುತ್ತದೆ, ಯಾವ ಗಳಿಗೆಗೆ ಕಂದುತ್ತದೆ ಎಂಬುದು ನೋಟದಲ್ಲೇ ತಿಳಿಯಬೇಕು. ಅವರು "ತೆಗಿ" ಎಂದಾಗ ತೆಗೆದರೆ ಮಂಡಕ್ಕಿ ಬೆಳ್ಳಗೆ. ಅದಕ್ಕೇ ಈ ವಯಸ್ಸಿನಲ್ಲೂ ಭಟ್ಟಿಯವರು ಅವರನ್ನು ಕರೆಯುತ್ತಾರೆ. ಅವರಿಗೆ ಇನ್ನೊಂದು ವಿದ್ಯೆಯಿದೆ. ಯಾವ ಊರಿನ ಯಾವ ಅಂಗಡಿಗೆ ಎಂಥ ಮಂಡಕ್ಕಿ ಹೋಗಬೇಕು, ಯಾರಿಗೆ ಉಪ್ಪು ಮುಂದು, ಯಾರಿಗೆ ಕಡಿಮೆ, ಎಲ್ಲವೂ ಬಾಯಿಪಾಠ. ಒಂದು ಸಲ ಕೇಳಿದ್ದನ್ನು ಮರೆಯುವುದಿಲ್ಲ. ನಾನು ಮೂವತ್ತು ವರ್ಷದ ಹಿಂದೆ ಬೈದದ್ದನ್ನೂ ಮರೆತಿಲ್ಲ. ಈ ವಿದ್ಯೆಯೇ ಅವರ ಕಣ್ಣಿಗೆ ಮುಳುವಾಯಿತು, ಹೇಗೆಂದು ಮುಂದೆ ಹೇಳುತ್ತೇನೆ.

ಶುರುವಾಗಿದ್ದು ಬಾಗಿಲಿನಿಂದ. ಚಳಿಗಾಲದಲ್ಲಿ ನಮ್ಮ ಮನೆಗೆ ಹೊಸ ಬಾಗಿಲು ಕೂಡಿಸಿದೆವು. ಕೂಡಿಸಿದವನು ನಮ್ಮದೇ ಗಲ್ಲಿಯ ಬಡಗಿ ನೌಮಾನ್. ನಮ್ಮ ಯಜಮಾನರು, ಬಡಗಿಗಳು ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

"ಏ ನೌಮಾನ್, ನಡುವ ಡೊಂಕಾಗೈತಲ್ಲೋ. ಹೊಟ್ಟೆ ಬಂದಂಗೈತೆ."

"ಎಲ್ಲಿ ಚಾಚಾ? ನೆಟ್ಟಗೈತೆ."

"ನನಗ ಹೇಳ್ತೀಯಾ? ನಿಮ್ಮಪ್ಪ ಬಾಗ್ಲು ಮಾಡಾದು ನೋಡೀನಿ ನಾನು."

ಪಾಪ, ಅವನು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ತೋರಿಸಿದ. ದಾರ, ಚೌಕಟ್ಟು ಎರಡೂ ಒಂದಕ್ಕೊಂದು ಅಂಟಿದಂತೆ ನೆಟ್ಟಗಿದ್ದವು. ಇವರು ಮತ್ತೆ ಬಲಗಣ್ಣಿನಿಂದ ನೋಡಿ, "ನಿನ್ನ ದಾರನೂ ಡೊಂಕೈತೆ" ಎಂದರು. ಇಡೀ ಗಲ್ಲಿ ನಕ್ಕಿತು. ನಾನೂ ನಕ್ಕೆ. ತೂಕದ ಗುಂಡು ಕಟ್ಟಿದ ದಾರ ಡೊಂಕಾಗಿ ಕಂಡರೆ ಡೊಂಕಿರುವುದು ಕಣ್ಣಿನಲ್ಲಿ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾವು ಓದದವರು, ಬಿಡಿ. ಓದಿದವರಿಗೆ ಹೊಳೆಯಲು ಅವಕಾಶ ಬಂದಿತ್ತು, ಅದನ್ನು ಕೇಳಿ.

ಈ ಸಲದ ರಂಜಾನ್ ಮುಗಿದ ಮೇಲೆ ಮಗಳು ಗುಲ್ನಾಜ್ ಮನೆಗೆಂದು ಹರಿಹರಕ್ಕೆ ಹೋಗಿದ್ದೆವು. ಅಲ್ಲಿ ಶಾಲೆಯೊಂದರಲ್ಲಿ ತಮ್ಮ ಕಚೇರಿ ಒಪ್ಪಿದ ಉಚಿತ ನೇತ್ರ ತಪಾಸಣಾ ಶಿಬಿರ. ಶಾಮಿಯಾನ, ಮೈಕು, ಬಂದವರಿಗೆಲ್ಲ ಬಾಳೆಹಣ್ಣು. ಗೋಡೆಯ ಮೇಲೆ ಕನ್ನಡ ಅಕ್ಷರಗಳ ಒಂದು ಹಲಗೆ. ಮೇಲೆ ದೊಡ್ಡ ಅಕ್ಷರ, ಕೆಳಗಿಳಿದಂತೆ ಸಣ್ಣದು, ಒಟ್ಟು ಆರು ಸಾಲು. ಗಂಡಸರ ಸಾಲು ಹಲಗೆಯ ಪಕ್ಕದಿಂದ ಬಾಗಿಲಿನವರೆಗೆ ನಿಂತಿತ್ತು. ಮುಂದಿದ್ದವರು ಓದುವುದು ಹಿಂದಿದ್ದವರಿಗೆಲ್ಲ ಕೇಳುತ್ತಿತ್ತು. ನಮ್ಮ ಯಜಮಾನರ ಮುಂದೆ ನಿಂತವರು ಕಿರಾಣಿ ಅಂಗಡಿಯ ನಾಗರಾಜಪ್ಪನವರು. ಮೂವತ್ತು ವರ್ಷದ ಸ್ನೇಹ. ಹರಿಹರಕ್ಕೆ ಹೋದಾಗಲೆಲ್ಲ ಇವರು ಆ ಅಂಗಡಿಯಲ್ಲಿ ಕೂತು, ನಾಗರಾಜಪ್ಪನವರು ಕೊಟ್ಟ ಚಹಾ ಕುಡಿಯುತ್ತ, ಪೇಪರ್ ಬಿಡಿಸಿ ಹಿಡಿದು, ಪುಟ ತಿರುವಿ, ನಡುನಡುವೆ ತಲೆ ಆಡಿಸಿ ಬರುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಗಂಡನಿಗೆ ಅಕ್ಷರ ಬರುವುದಿಲ್ಲ. ಒಂದೂ ಬರುವುದಿಲ್ಲ. ಕನ್ನಡವೂ ಇಲ್ಲ, ಉರ್ದುವೂ ಇಲ್ಲ. ಪೇಪರಿನಲ್ಲಿ ಅವರು ನೋಡುವುದು ಚಿತ್ರ. ಇದು ನನಗೆ, ಮಗಳಿಗೆ, ಮೊಮ್ಮಗಳಿಗೆ ಮಾತ್ರ ಗೊತ್ತಿದ್ದ ವಿಷಯ.

ನಾಗರಾಜಪ್ಪನವರು ಐದು ಸಾಲು ಓದಿ ಆರನೆಯದಕ್ಕೆ ತಡವರಿಸಿದರು. ನಂತರ ನಮ್ಮವರ ಸರದಿ. "ನನಗೆ ಅಕ್ಷರ ಬರಲ್ಲ" ಎಂದು ಸ್ನೇಹಿತನ ಎದುರಿಗೆ ಹೇಳುವ ಬದಲು ಎದೆಯುಬ್ಬಿಸಿ ನಿಂತರು. ಅಷ್ಟು ಹೊತ್ತಿಗೆ ಆ ಆರು ಸಾಲನ್ನು ನಲವತ್ತು ಜನರ ಬಾಯಿಂದ ಕೇಳಿಸಿಕೊಂಡಿದ್ದರಲ್ಲ, ಇಡೀ ಹಲಗೆಯನ್ನು ಒಪ್ಪಿಸಿಬಿಟ್ಟರು. ಬಲಗಣ್ಣು ಮುಚ್ಚಿಸಿದಾಗ ಒಂದು ಸಲ, ಎಡಗಣ್ಣು ಮುಚ್ಚಿಸಿದಾಗ ಇನ್ನೊಂದು ಸಲ. ತಪಾಸಣೆಯವರ ಕಡ್ಡಿ ಮೂರನೇ ಸಾಲಿನಲ್ಲಿತ್ತು, ಇವರು ಐದನೆಯದು ಮುಗಿಸಿ ಆರಕ್ಕೆ ಹೋಗಿದ್ದರು. ಆ ಕಡ್ಡಿ ಹಿಡಿದವರು ಏನೆಂದರು ಗೊತ್ತೇ?

"ಭೇಷ್ ಅಜ್ಜಾರೇ! ಈ ವಯಸ್ಸಿನಾಗೆ ಹದ್ದಿನ ಕಣ್ಣು!"

ಹಾಗೆಂದು ಚೀಟಿಯಲ್ಲಿ ಎರಡೂ ಕಣ್ಣಿಗೆ ಆರು ಸಾಲು ಎಂದು ಬರೆದು, ಅದೇ ಚೀಟಿಯ ಕೆಳಗೆ ಸಹಿ ಮಾಡಿ ಎಂದು ಪೆನ್ನು ಕೊಟ್ಟರು. ನಮ್ಮವರು ಪೆನ್ನು ಬೇಡವೆಂದು ಹೆಬ್ಬೆಟ್ಟು ಮುಂದೆ ಮಾಡಿದರು, ನಾಗರಾಜಪ್ಪನವರಿಗೆ ಕಾಣದಂತೆ ಇನ್ನೊಂದು ಅಂಗೈ ಅಡ್ಡ ಹಿಡಿದು. ಅವರೇ ಶಾಯಿಯ ಡಬ್ಬಿ ತೆರೆದರು, ಅವರೇ ಒತ್ತಿಸಿದರು. ಮಾನ್ಯರೇ, ಆ ಚೀಟಿ ತಮ್ಮ ಕಡತದಲ್ಲಿದೆ, ತೆಗೆದು ನೋಡಿ. ಅತಿ ಸಣ್ಣ ಅಕ್ಷರವನ್ನೂ ತಡವರಿಸದೆ ಓದಿದ ಮನುಷ್ಯ, ಕೆಳಗೆ ತನ್ನ ಹೆಸರು ಬರೆಯಲಾರದೆ ಹೆಬ್ಬೆಟ್ಟು ಒತ್ತಿದ್ದಾನೆ. ಒಂದೇ ಕಾಗದ, ನಡುವೆ ನಾಲ್ಕು ಬೆರಳು ಅಂತರ. ಒತ್ತಿಸಿದವರು ನೋಡಲಿಲ್ಲ. ಪರಿಶೀಲಿಸಿದವರು ನೋಡಲಿಲ್ಲ. ಅದರ ಮೇಲೆ ತಾವು ಹಸಿರು ಶಾಯಿಯಲ್ಲಿ ಸಹಿ ಹಾಕಿದಿರಿ, ತಾವೂ ನೋಡಲಿಲ್ಲ. ಇಡೀ ಇಲಾಖೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಬೇಕಾದವರು ಯಾರ್ಯಾರು ಎಂದು ನಾನು ಕೇಳುವುದಿಲ್ಲ, ದೊಡ್ಡವರಿದ್ದೀರಿ.

ನಾನೆಲ್ಲಿದ್ದೆ ಎಂದು ಕೇಳುತ್ತೀರೇನೋ. ಹೆಂಗಸರ ಸಾಲಿನಲ್ಲಿದ್ದೆ. ಎಲ್ಲವನ್ನೂ ಕೇಳಿಸಿಕೊಂಡೆ. "ಇವರಿಗೆ ಅಕ್ಷರ ಬರಲ್ಲ, ಬೇರೆ ಏನಾದರೂ ತೋರಿಸಿ ಪರೀಕ್ಷೆ ಮಾಡಿ" ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸೆರಗು ಬಾಯಿಗೆ ಹಿಡಿದು ನಕ್ಕೆ. ಗಂಡನ ಮಾನ ಉಳಿಸಿದೆ ಎಂದುಕೊಂಡೆ. ಬಾಗಿಲ ವಿಷಯವೂ ಆಗ ನೆನಪಾಗಲಿಲ್ಲ. ಶಿಬಿರದಲ್ಲಿ ಯಾರಾದರೂ "ಅಜ್ಜಾ, ನೆಟ್ಟಗಿರೋದು ಡೊಂಕಾಗಿ ಕಾಣ್ತದಾ?" ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಅವರೇ ನೌಮಾನನ ಮೇಲಿನ ದೂರನ್ನೆಲ್ಲ ಹೇಳಿಬಿಡುತ್ತಿದ್ದರು. ಶಿಬಿರದವರ ಬಳಿ ಇದ್ದ ಪ್ರಶ್ನೆ ಒಂದೇ, ಪೊರೆ ಇದೆಯೋ ಇಲ್ಲವೋ. ಪೊರೆ ಇದ್ದವರನ್ನು ಆಪರೇಷನ್ನಿಗೆಂದು ಬಸ್ಸು ಹತ್ತಿಸಿದರು, ಇಲ್ಲದವರಿಗೆ ಬಾಳೆಹಣ್ಣು ಕೊಟ್ಟು ಕಳಿಸಿದರು. ನಮಗೆ ಎರಡು ಬಾಳೆಹಣ್ಣು ಬಂದವು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಭಟ್ಟಿಯಲ್ಲಿ ಹುರಿಯುವುದು ನಡೆದಿತ್ತು. ಇವರು ಇದ್ದಕ್ಕಿದ್ದಂತೆ ಹುರಿಯುವವನನ್ನು ಬೈದರಂತೆ: "ಲೇ, ಮಂಡಕ್ಕಿ ಮ್ಯಾಲೆ ಮಸಿ ಯಾಕ ಚೆಲ್ಲಿದ್ಯೋ?" ಅವನು ಚೆಲ್ಲಿರಲಿಲ್ಲ. ಇವರು ಗೋಡೆ ನೋಡಿದರು, ಗೋಡೆಯ ಮೇಲೂ ಮಸಿ. ಅಂಗೈ ನೋಡಿಕೊಂಡರು, ಅಂಗೈ ನಡುವೆಯೂ ಮಸಿ. ಎಡಗಣ್ಣು ಮುಚ್ಚಿದರೆ ಎಲ್ಲೆಡೆ ಅದೇ ಕಪ್ಪು, ಅಂಚಿನಲ್ಲಿ ಮಾತ್ರ ಸ್ವಲ್ಪ ಬೆಳಕು. ನೋವಿಲ್ಲ, ಉರಿಯಿಲ್ಲ, ಕಣ್ಣು ಕೆಂಪೂ ಆಗಿಲ್ಲ. ಭಟ್ಟಿಯಲ್ಲಿ ಐವತ್ತು ವರ್ಷ ಕಳೆದವರ ಕಣ್ಣಿಗೆ ಏನಾದರೂ ನಾವು ಹೇಳುವುದು ಒಂದೇ, ಕಾವು ಏರಿದೆ. ನಾವೂ ಹಾಗೇ ಅಂದೆವು. ಸೌತೆಕಾಯಿ ಹೋಳು ಇಟ್ಟೆ, ಗುಲಾಬಿ ನೀರು ಬಿಟ್ಟೆ, ಒದ್ದೆ ಬಟ್ಟೆ ಕಟ್ಟಿದೆ. ಆರು ದಿನ ಹೀಗೆ ಕಳೆದೆವು. ಆ ಆರು ದಿನದ ತಪ್ಪು ನಮ್ಮದು. ತಮ್ಮ ತಲೆಗೆ ಕಟ್ಟುವುದಿಲ್ಲ, ತಮಗೆ ತಮ್ಮದೇ ಸಾಕಷ್ಟಿದೆ.

ಏಳನೇ ದಿನ ಮೊಮ್ಮಗಳು ನೂರೀನ್ ಹರಿಹರದಿಂದ ಬಂದಳು. ನರ್ಸಿಂಗ್ ಓದುತ್ತಾಳೆ. ಕಣ್ಣಿನ ಮೇಲಿದ್ದ ಸೌತೆಕಾಯಿ ನೋಡಿ, "ನಾನೀ, ಇದು ಕೋಸಂಬರಿನಾ ಕಣ್ಣಾ?" ಎಂದು ಕೂಗಾಡಿ, ಆಟೋ ಕರೆಸಿ ಪಿ.ಜೆ. ಬಡಾವಣೆಯ ಒಂದು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ಕೈಯ ನರಕ್ಕೆ ಬಣ್ಣದ ಔಷಧ ಹಾಕಿ ಕಣ್ಣಿನ ಒಳಗಿನ ಫೋಟೋ ತೆಗೆಸಿದರು. ಕಾಯಿಲೆಯ ಹೆಸರು ಪಾಲಿಪಾಯ್ಡಲ್ ಕೊರಾಯ್ಡಲ್ ವ್ಯಾಸ್ಕುಲೋಪತಿ ಅಂತೆ. ನೂರೀನ್ ಬರೆದುಕೊಟ್ಟದ್ದನ್ನು ನೋಡಿ ಬರೆದಿದ್ದೇನೆ, ತಪ್ಪಿದ್ದರೆ ಅವಳದು. ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆ ಇರುತ್ತದೆ. ಅದರ ಕೆಳಗೆ ರಕ್ತನಾಳಗಳ ಹಾಸು. ಆ ನಾಳಗಳು ಕೆಲವರಿಗೆ ಅಲ್ಲಲ್ಲಿ ಸವೆದು ದ್ರಾಕ್ಷಿ ಗೊಂಚಲಿನ ಹಾಗೆ ಉಬ್ಬುತ್ತವೆ. ಸೈಕಲ್ಲಿನ ಹಳೇ ಟ್ಯೂಬಿಗೆ ಗಾಳಿ ಹಾಕಿದಾಗ ತೆಳುವಾದ ಕಡೆ ಬುಗುಟು ಏಳುವುದನ್ನು ನೋಡಿದ್ದೀರಲ್ಲ, ಹಾಗೆ. ಬಲಗಣ್ಣಿನಲ್ಲಿ ಅಂಥ ಗೊಂಚಲು ಒಡೆದು ರಕ್ತ ಪರದೆಯ ಕೆಳಗೆ ದಪ್ಪಗೆ ಹರಡಿತ್ತು. ಇವರು ಮಸಿ ಎಂದುಕೊಂಡಿದ್ದು ಅವರದೇ ರಕ್ತ.

ಆಮೇಲೆ ಡಾಕ್ಟರಮ್ಮ ವಿಚಾರಣೆ ಶುರು ಮಾಡಿದರು.

"ಬಿ.ಪಿ. ಐತಾ?"

"ಐತ್ರಿ ಅಮ್ಮಾ. ಮಾತ್ರೆ ತಗಂತೀನ್ರಿ."

"ತಲೆ ನೋವು ಬಂದ ದಿನ ತಗಂತಾರ್ರಿ" ಎಂದೆ ನಾನು.

ಅಲ್ಲೇ ಅಳೆದರು. ಮೇಲಿನ ಅಂಕಿ ನೂರಾ ಎಂಬತ್ತಾರು.

"ಬೀಡಿ?"

"ಬಿಟ್ಟೀನ್ರಿ."

"ಯಾವಾಗ ಬಿಟ್ರಿ?"

"ಈಗ, ಒಳಗ ಬರಾಮುಂದ ಮೆಟ್ಟಿಲತ್ರ ಬಿಟ್ಟೆ."

ಡಾಕ್ಟರಮ್ಮ ನಗಲಿಲ್ಲ. "ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ?" ಎಂದರು. ನಾಲ್ಕು ವರ್ಷದ ಹಿಂದೆ ಎದೆಯ ನಾಳಕ್ಕೆ ಸ್ಟೆಂಟ್ ಹಾಕಿದ್ದರು. ಅದಕ್ಕೆ ಎರಡು ಮಾತ್ರೆ, ಅದನ್ನು ಮಾತ್ರ ಈ ಮಹಾನುಭಾವರು ಒಂದು ದಿನವೂ ತಪ್ಪಿಸಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಗೊಂಚಲು ಇದ್ದವರಿಗೆಲ್ಲ ಒಡೆಯುತ್ತದೆ ಎಂದಲ್ಲ. ಗೊಂಚಲು ದೊಡ್ಡದಿದ್ದರೆ ಅಪಾಯ ಹೆಚ್ಚು. ವಯಸ್ಸಾದಂತೆ ಹೆಚ್ಚು. ಬಿ.ಪಿ. ಕೈಮೀರಿದರೆ ಹೆಚ್ಚು. ಬೀಡಿ ಸಿಗರೇಟು ನಾಳಗಳನ್ನು ಕೆಡಿಸುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಒಂದು ಸಲ ಒಡೆದರೆ ರಕ್ತ ಬೇಗ ನಿಲ್ಲದೆ ದೊಡ್ಡದಾಗಿ ಹರಡಬಹುದು. ಒಂದು ಕಣ್ಣಿನಲ್ಲಿ ಒಡೆದವರ ಇನ್ನೊಂದು ಕಣ್ಣನ್ನು ಕಾಯುತ್ತಲೇ ಇರಬೇಕು.

ಮನೆಗೆ ಬಂದದ್ದೇ ಪಕ್ಕದ ಮನೆ ದಿಲ್ಷಾದ್ ಬೇಗಂ ಹಾಜರು. "ರಕ್ತ ತೆಳು ಮಾಡೋ ಮಾತ್ರೆ ಮೋರಿಗೆ ಒಗೀರಿ ಆಪಾ, ಅದರಿಂದ್ಲೇ ಇಷ್ಟೆಲ್ಲ ಆಗಿದ್ದು" ಎಂದಳು. ನಾನು ಒಗೆಯಲು ಎದ್ದೂ ಬಿಟ್ಟಿದ್ದೆ. ನೂರೀನ್ ಕೈ ಹಿಡಿದಳು. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು: "ಅವನ್ನ ನೀವಾಗೇ ನಿಲ್ಲಿಸಬ್ಯಾಡ್ರಿ, ಕಣ್ಣು ಉಳಿಸಾಕ್ ಹೋಗಿ ಎದೆ ನಿಂತೀತು. ಎದೆ ಡಾಕ್ಟರ್ ಜೊತಿ ನಾನು ಮಾತಾಡ್ತೀನಿ." ಮಾತಾಡಿದರು. ಎದೆಯ ಡಾಕ್ಟರು ಲೆಕ್ಕ ಹಾಕಿ ಎರಡರಲ್ಲಿ ಒಂದನ್ನು ನಿಲ್ಲಿಸಿದರು, ಇನ್ನೊಂದು ಬೇಕೇ ಬೇಕೆಂದರು. ಬಿ.ಪಿ. ಮಾತ್ರೆಯನ್ನು ಈಗ ದಿನಾ ಬೆಳಿಗ್ಗೆ ನಾನೇ ಬಾಯಿಗೆ ಹಾಕಿ, ನಾಲಿಗೆ ಎತ್ತಿಸಿ ನೋಡುತ್ತೇನೆ. ಬೀಡಿ ಕಟ್ಟನ್ನು ಭಟ್ಟಿಯ ಒಲೆಗೆ ನನ್ನ ಕೈಯಿಂದಲೇ ಹಾಕಿದೆ, ಅವರ ಎದುರಿಗೆ. ಆ ದಿನ ಅವರು ಊಟ ಮಾಡಲಿಲ್ಲ. ಮಾರನೇ ದಿನ ಮಾಡಿದರು.

ಹೀಗೆ ನಮ್ಮ ಕೈಯಲ್ಲಿದ್ದ ಅಪಾಯಗಳನ್ನೆಲ್ಲ ನಾವು ಒಂದೊಂದಾಗಿ ಹಿಡಿದು ಕಟ್ಟಿಹಾಕಿದೆವು. ವಯಸ್ಸನ್ನು ಕಟ್ಟಿಹಾಕಲು ಆಗಲಿಲ್ಲ, ಅದಕ್ಕೆ ಕ್ಷಮೆಯಿರಲಿ.

ಉಳಿದದ್ದು ಎಡಗಣ್ಣು. ಫೋಟೋದಲ್ಲಿ ಅಲ್ಲೂ ಒಂದು ಗೊಂಚಲು ಕಂಡಿದೆ, ಸಣ್ಣದಲ್ಲ. ಒಡೆದಿಲ್ಲ, ಆದರೆ ಸುತ್ತ ನೀರು ಜಿನುಗಲು ಶುರುವಾಗಿದೆ. ಅದಿನ್ನೂ ಪರದೆಯ ನಡುಭಾಗಕ್ಕೆ ಬಂದಿಲ್ಲವಾದ್ದರಿಂದ ನೋಟ ಚೆನ್ನಾಗಿದೆ. ಈಗಲೇ ಕಣ್ಣಿನೊಳಗೆ ಚುಚ್ಚುಮದ್ದು ಶುರು ಮಾಡಬೇಕು, ಮೊದಲ ಮೂರು ತಿಂಗಳು ತಿಂಗಳಿಗೊಂದು, ಆಮೇಲೆ ನೋಡಿಕೊಂಡು, ಎಂದು ಡಾಕ್ಟರಮ್ಮ ಬರೆದುಕೊಟ್ಟರು. ನಮ್ಮ ಕೈಯಿಂದಲೇ ಹಾಕಿಸುವ ತಾಕತ್ತು ಇದ್ದಿದ್ದರೆ ನಮಗೆ ತಮ್ಮ ಪರಿಚಯವೇ ಆಗುತ್ತಿರಲಿಲ್ಲ. ಎರಡು ಕಣ್ಣಿಗೆ ಎರಡು ಅರ್ಜಿ ಹಾಕಿದೆವು.

ಇಲ್ಲಿ ತಮ್ಮ ಕಚೇರಿಯನ್ನು ಮೆಚ್ಚಲೇಬೇಕು. ಬಲಗಣ್ಣಿಗೆ ಎರಡೇ ದಿನದಲ್ಲಿ ಮಂಜೂರಾತಿ ಬಂತು! ಅಲ್ಲಿ ಇನ್ನು ಎಷ್ಟು ಹಾಕಿದರೂ ಓದುವ ನೋಟ ಬರುವುದು ಕಷ್ಟ ಎಂದು ಡಾಕ್ಟರಮ್ಮ ಆಗಲೇ ಹೇಳಿದ್ದರು. ನೋಟ ಉಳಿದಿರುವ ಎಡಗಣ್ಣಿಗೆ ತಿರಸ್ಕಾರ. ಹೋದವರ ಮೇಲೆ ಇಷ್ಟು ಪ್ರೀತಿ, ಇದ್ದವರ ಮೇಲೆ ಇಷ್ಟು ಅನುಮಾನ ನಾನು ಬೇರೆಲ್ಲೂ ಕಂಡಿಲ್ಲ.

ಏನೋ ತಪ್ಪಾಗಿರಬೇಕೆಂದು ನಾವು ಮೂವರೂ ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ಕಂಪ್ಯೂಟರ್ ಮುಂದಿದ್ದವರು ಒಳ್ಳೆಯವರೇ, ಕೂಡ್ರಿ ಅಂದರು, ನೀರು ಕೊಟ್ಟರು.

"ಅಮ್ಮಾ, ಇಲ್ನೋಡ್ರಿ. ಶಿಬಿರದ ವರದಿ ಏನೈತೆ? ಎರಡೂ ಕಣ್ಣು, ಆರೂ ಸಾಲು."

"ಅದ್ರಾಗ ಬಲಗಣ್ಣೂ ಆರು ಸಾಲು ಅಂತೈತಲ್ಲಪ್ಪಾ. ಈಗ ಆ ಕಣ್ಣಿಗೆ ಮುಂದ ಹಿಡಿದ ಬೆರಳು ಕಾಣವಲ್ದು."

"ಅದು ಆಮ್ಯಾಲೆ ಆಗಿದ್ದು."

"ಎಡಗಣ್ಣಿಗೂ ಹಂಗ ಆಮ್ಯಾಲೆ ಆಗಬಾರದು ಅಂತ್ಲೇ ಬಂದೀವಿ."

"ಆಗಿಲ್ಲಲ್ರಿ ಅಮ್ಮಾ. ಆದ್ಮ್ಯಾಲೆ ಬರ್ರಿ, ಆವತ್ತೇ ಮಾಡಿಕೊಡ್ತೀನಿ."

ನೂರೀನ್ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. "ಸರ್, ಇಲ್ಲಿ ಗೊಂಚಲು ಕಾಣ್ತದೆ, ಇಲ್ಲಿ ನೀರು ಐತೆ. ಡಾಕ್ಟರ್ ಬರೆದಾರೆ."

"ಫೋಟೋಕ್ಕೆ ಇಲ್ಲಿ ಕಾಲಂ ಇಲ್ಲಮ್ಮಾ. ಸಾಲಿಗೆ ಐತೆ."

ಆಗ ನನ್ನ ಬಾಯಿ ತುದಿಗೆ ಬಂದಿತ್ತು, ಈ ಮನುಷ್ಯನಿಗೆ ಅಕ್ಷರವೇ ಬರುವುದಿಲ್ಲ, ಯಾವ ಸಾಲಿನ ಮಾತಾಡುತ್ತೀರಿ ಎಂದು. ಪಕ್ಕದಲ್ಲಿ ಕೂತಿದ್ದ ನಮ್ಮವರು ನನ್ನ ಮೊಣಕೈಯನ್ನು ಹಿಂಡಿದರು. ಫೋಟೋಗಳನ್ನು ಎತ್ತಿಕೊಂಡೆ. ಹೊರಗೆ ಬಂದು ಆಟೋ ಸ್ಟ್ಯಾಂಡಿನಲ್ಲಿ ಜಗಳ ತೆಗೆದೆ.

"ಏನ್ರೀ, ಕಣ್ಣು ದೊಡ್ಡದಾ, ಮಾನ ದೊಡ್ಡದಾ?"

"ನಿನಗೇನು ಗೊತ್ತು ಗುಲ್ನಾಜ್‌ನ ಅಮ್ಮಾ. ನಾಕನೇ ಕ್ಲಾಸ್ ಓದಿದಾಕಿ ನೀನು."

ಅಷ್ಟೇ ಅಂದರು. ಸಿಟ್ಟಿನಿಂದ ಅಂದಿದ್ದರೆ ನಾನು ಎರಡು ಮಾತು ಹೆಚ್ಚು ಹೇಳುತ್ತಿದ್ದೆ. ಸಿಟ್ಟಿನಿಂದ ಅನ್ನಲಿಲ್ಲ. ನಾಲ್ಕು ದಿನ ನಮ್ಮಿಬ್ಬರಲ್ಲಿ ಮಾತಿಲ್ಲ. ಐದನೇ ದಿನ ಪೊಟ್ಟಣ ಸುತ್ತುತ್ತಿದ್ದೆ, ಪಕ್ಕ ಬಂದು ಕೂತರು. "ಪೇಪರ್‌ಗೆ ಬರೀತೀನಿ ಅಂತಿದ್ದೆಲ್ಲ, ಬರಿ. ನನ್ನ ಹೆಸರು ಹಾಕೇ ಬರಿ. ನಾಗರಾಜಪ್ಪ ಓದ್ಲಿ" ಎಂದರು. ಒಂದು ಪೊಟ್ಟಣ ಕೈಗೆತ್ತಿಕೊಂಡು, "ಒಂದು ಕಣ್ಣಾಗೆ ಅಕ್ಕಿ ಅರಳಾದು ಇನ್ನಾ ಕಾಣ್ತೈತೆ. ಅದೂ ಹೋದ್ರೆ ಭಟ್ಟಿ ಹತ್ರ ನನಗೇನು ಕೆಲಸ?" ಎಂದರು. ಅದಕ್ಕೇ ಈ ಕಾಗದದ ಒಂದು ಪ್ರತಿ ಪೇಪರಿಗೂ ಹೋಗುತ್ತದೆ. ಐವತ್ತು ವರ್ಷ ಮುಚ್ಚಿಟ್ಟ ವಿಷಯವನ್ನು ಊರ ಮುಂದೆ ಇಡಲು ಅವರು ಒಪ್ಪಿದ್ದಾರೆ, ಮಾನ್ಯರೇ. ತಮ್ಮ ಒಂದು ಕಾಲಂ ತುಂಬಿಸಲು ಒಬ್ಬ ಮನುಷ್ಯ ಎಷ್ಟು ಕೊಡಬೇಕಾಯಿತು ನೋಡಿ.

ಈಗ ನನಗೊಂದು ಸಂದೇಹ. ಡಾಕ್ಟರಮ್ಮ ರಕ್ತಸ್ರಾವದ ಅಪಾಯಗಳನ್ನು ಎಣಿಸುವಾಗ ಒಂದನ್ನು ಮರೆತರೇ? ದೊಡ್ಡ ಗೊಂಚಲು, ವಯಸ್ಸು, ಬಿ.ಪಿ., ಬೀಡಿ, ತೆಳುವಾದ ರಕ್ತ, ಇಷ್ಟೇ ಹೇಳಿದರು. ಈ ಊರಿನಲ್ಲಿ ಇದ್ದು ಅರ್ಜಿ ಹಾಕಿ ಕಾಯುವುದನ್ನೂ ಸೇರಿಸಬೇಕಿತ್ತಲ್ಲವೇ? ಬಿ.ಪಿ.ಗೆ ಮಾತ್ರೆ ಇದೆ. ಬೀಡಿಗೆ ಒಲೆ ಇದೆ. ತಮ್ಮ ನಿಯಮಕ್ಕೆ ಯಾವ ಔಷಧ, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ? ಅಪಾಯ ಎಂಬ ಮಾತಿನ ಅರ್ಥವೇ ಇನ್ನೂ ಆಗದಿರುವುದು ಎಂದು ನಾಲ್ಕನೇ ತರಗತಿಯವಳಿಗೆ ತಿಳಿಯುತ್ತದೆ. ಆಗಿಹೋದದ್ದಕ್ಕೆ ಬೇರೆ ಹೆಸರಿದೆ. ನಿಯಮ ಬರೆದವರು ಸಾಲುಗಳನ್ನು ಎಣಿಸಿದರು, ಕಾಯಿಲೆಯನ್ನು ವಿಚಾರಿಸಲಿಲ್ಲ. ಪೊರೆಯಾದರೆ ಕಾಯುತ್ತದೆ, ಹಣ್ಣಾದ ಮೇಲೆ ತೆಗೆದರೂ ಬೆಳಕು ವಾಪಸು ಬರುತ್ತದೆ. ಈ ಗೊಂಚಲು ಹಾಗಲ್ಲ. ಇವತ್ತು ಆರು ಸಾಲು, ನಾಳೆ ಬೆಳಿಗ್ಗೆ ಮಸಿ. ನಡುವೆ ಮರು ಅರ್ಜಿ ಬರೆಯುವಷ್ಟು ವ್ಯವಧಾನ ಅದು ಕೊಡುವುದಿಲ್ಲ. ಕೊಟ್ಟಿದ್ದರೆ ಬಲಗಣ್ಣು ನಮಗೆ ಮೊದಲೇ ನೋಟಿಸು ಕಳಿಸುತ್ತಿತ್ತು.

ಆದ್ದರಿಂದ ನಾನು ಕೇಳುವುದು ಇಷ್ಟು. ಹರಿಹರದ ಶಿಬಿರದ ಆ ವರದಿ ಸುಳ್ಳು, ಅದನ್ನು ರದ್ದು ಮಾಡಿ. ಸುಳ್ಳು ಹೇಳಿದವರು ನನ್ನ ಗಂಡ, ಕೇಳಿ ಸುಮ್ಮನಿದ್ದವಳು ನಾನು, ಇಬ್ಬರೂ ಒಪ್ಪಿಕೊಂಡಿದ್ದೇವೆ, ಶಿಕ್ಷೆ ಏನಿದ್ದರೂ ನಮಗೆ ಕೊಡಿ, ಎಡಗಣ್ಣಿಗೆ ಬೇಡ. ಈ ಕಾಯಿಲೆಗೆ ಸಾಲು ಎಣಿಸುವುದನ್ನು ಬಿಟ್ಟು ಡಾಕ್ಟರು ತೆಗೆದ ಫೋಟೋ ನೋಡಿ ಮಂಜೂರು ಮಾಡಿ. ಕಾಲಂ ಇಲ್ಲದಿದ್ದರೆ ಒಂದು ಗೆರೆ ಎಳೆಯಿರಿ, ಆಗುತ್ತದೆ. ಇನ್ನು ಮುಂದೆ ಶಿಬಿರಕ್ಕೆ ಬರುವವರಿಗೆ ಅಕ್ಷರ ಬರುತ್ತದೋ ಇಲ್ಲವೋ ಎಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಯಾರಿಗೂ ಕೇಳದಂತೆ ಕೇಳಿ. ಬಾರದವರಿಗೆ, ಗುರುತು ಯಾವ ಕಡೆ ತಿರುಗಿದೆ ಎಂದು ಬೆರಳಿನಿಂದ ತೋರಿಸಿದರೆ ಸಾಕಾಗುವ ಹಲಗೆ ಇಡಿ, ಅದು ಇದೆಯಂತೆ, ನೂರೀನ್ ಹೇಳುತ್ತಾಳೆ. ಬಿ.ಪಿ. ಅಳೆಯಿರಿ. ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿ. ನೆಟ್ಟಗಿನ ವಸ್ತು ಡೊಂಕಾಗಿ ಕಾಣುತ್ತದೆಯೇ ಎಂದು ಕೇಳಿ. ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿದೀತು? ಒಂದು ಬಾಳೆಹಣ್ಣು ತಿನ್ನುವಷ್ಟು.

ಬರುವ ಗುರುವಾರ ಎಡಗಣ್ಣಿಗೆ ಚುಚ್ಚುಮದ್ದು ಹಾಕಲು ಡಾಕ್ಟರಮ್ಮ ದಿನ ಕೊಟ್ಟಿದ್ದಾರೆ. ಬುಧವಾರ ಬೆಳಿಗ್ಗೆ ನಾವಿಬ್ಬರೂ ತಮ್ಮ ಕಚೇರಿಗೆ ಬರುತ್ತೇವೆ. ಸಭೆ ಇದ್ದರೆ ಮುಗಿಸಿ ಬನ್ನಿ, ನಮಗೆ ಆತುರವಿಲ್ಲ, ಆತುರ ಇರುವುದು ಗೊಂಚಲಿಗೆ. ಮಂಜೂರು ಮಾಡಿದರೆ ಸಂತೋಷ. ಮಾಡುವುದಿಲ್ಲವೆಂದಾದರೆ ಕಾಗದ ಕಳಿಸಬೇಡಿ, ಅವರಿಗೆ ಓದಲು ಬರುವುದಿಲ್ಲ. ಎದುರಿಗೆ ಕೂರಿಸಿಕೊಂಡು ತಾವೇ ಬಾಯಿಬಿಟ್ಟು ಹೇಳಿ. ಇದನ್ನು ಹೇಳುವಾಗ ತಮ್ಮ ಮುಖ ಹೇಗಿರುತ್ತದೆ ಎಂದು ಅವರೊಮ್ಮೆ ನೋಡಬೇಕು. ಸದ್ಯಕ್ಕೆ ಅವರಿಗೆ ಕಾಣುತ್ತದೆ.

ಇಂತಿ,
ತಮ್ಮ ಕೃಪೆಯಿಂದ ಗಂಡಹೆಂಡತಿ ಇಬ್ಬರಿಗೂ ಸೇರಿ ಮೂರು ಕಣ್ಣಿನಲ್ಲಿ ಸಂಸಾರ ಸಾಗಿಸುತ್ತಿರುವ, ನಾಲ್ಕನೆಯದನ್ನು ಕೇಳದ, ಮೂರನೆಯದನ್ನು ಬಿಟ್ಟುಕೊಡದ,
ಸುಗ್ರಾಬಿ
ಮಂಡಕ್ಕಿ ಭಟ್ಟಿ ಸಾಲು, ದಾವಣಗೆರೆ